ಹದಿನೇಳು ಗಂಟೆ, ಪಕ್ಕದ ಸೀಟು



ಈ ಡಿಸೆಂಬರಿನಲ್ಲಿ ನಮ್ಮಣ್ಣನ ಮಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಬಂದಳು. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆ. ಏರ್‌ಪೋರ್ಟಿಂದ ಮನೆಗೆ ಬರ್ತಾ "ಸುಸ್ತಾಯ್ತಾ ಮಗಾ?" ಅಂದೆ. "ವಿಮಾನದಿಂದ ಅಲ್ಲ ಚಿಕ್ಕಪ್ಪಾ, ಪಕ್ಕದ ಸೀಟಿನವರಿಂದ" ಅಂದಳು.

ಕನ್ನಡದವಳು ಅಂತ ಗೊತ್ತಾದ ಕೂಡಲೇ ಶುರುವಾಗಿದೆ. ಊರು ಯಾವುದು? ಅಪ್ಪನ ಹೆಸರು? ಊಟ ಬಂದಾಗ ತಟ್ಟೆ ಕಡೆ ಒಂದು ಕಣ್ಣು. ಕೊನೆಗೆ, "ನಿಮ್ ಮನೆದೇವ್ರು ಯಾವ್ದಮ್ಮಾ?" ಮಾದಪ್ಪ ಅಂದಳಂತೆ. ಅಷ್ಟಕ್ಕೇ ಬಿಡ್ತಾರಾ? ಮಾದಪ್ಪನಿಗೆ ನಾವೂ ನಡ್ಕೋತೀವಿ, ಲಿಂಗಾಯತರೂ ನಡ್ಕೋತಾರೆ. ಮತ್ತೂ ಕೆದಕಿದ್ದಾರೆ. ಇವಳು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮಲಗಿದವಳ ಹಾಗೆ ನಟಿಸಿದ್ದಾಳೆ. ಆಮೇಲೆ ಗೊತ್ತಾಗಿದ್ದು, ಆಯಪ್ಪ ಇವಳ ಕಂಪನಿಯಲ್ಲೇ ಇನ್ನೊಂದು ಟೀಮಿನ ಮ್ಯಾನೇಜರು. ಅದಕ್ಕೇ ಹುಡುಗಿಗೆ ನಿದ್ದೆ ಬಂದಿಲ್ಲ.

ಈ ದಾರಿ ಶುರುವಾದಾಗ ನಾನೂ ಖುಷಿಪಟ್ಟಿದ್ದೆ. 2021ರ ಜನವರಿ 9, ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಸೋಮವಾರ ಬೆಳಗಿನ ಜಾವ ಇಲ್ಲಿಳಿಯಿತು. ಪೈಲಟುಗಳೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಗೋಡೆಯ ಮ್ಯಾಪಲ್ಲಿ ನೋಡಿದರೆ ಸಮುದ್ರದ ಮೇಲೆ ನೆಟ್ಟಗೆ ಬರಬೇಕು ಅನ್ಸುತ್ತೆ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ. ಎರಡೂ ಊರು ಹೆಚ್ಚುಕಡಿಮೆ ಭೂಮಿಯ ಎದುರುಬದುರು, ಹಾಗಾಗಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದಲೇ.

ಬಾಬಾಸಾಹೇಬರು 1913ರಲ್ಲಿ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದರು. ಓದಿ ಬಂದು 1917ರಲ್ಲಿ ಬರೋಡಾದಲ್ಲಿ ನೌಕರಿಗೆ ಸೇರಿದರೆ ಇರೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿ ಹೆಸರಲ್ಲಿ ಉಳಿದ ಛತ್ರದಿಂದಲೂ ಹೊರಹಾಕಿದರು. ಈಗ ಅದೇ ಅಮೆರಿಕದ ಆಫೀಸುಗಳಿಗೇ ಜಾತಿ ಹೋಗಿ ಕೂತಿದೆ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಸಿಸ್ಕೊ ಕಂಪನಿಯ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ನ್ಯೂಸಮ್ ಸಹಿ ಹಾಕಲಿಲ್ಲ. ಇರುವ ಕಾನೂನಲ್ಲೇ ಇದೂ ಬರುತ್ತೆ, ಬೇರೆ ಬೇಡ ಅಂದರು.

ಇಲ್ಲೇ ನನ್ನ ತಕರಾರು. ಅಲ್ಲಿನ ಎಚ್‌ಆರ್‌ಗೆ ಹೋಗಿ "ನನ್ನ ಮನೆದೇವ್ರು ಯಾವುದು ಅಂತ ಕೇಳಿದ್ರು" ಅಂತ ದೂರು ಕೊಟ್ಟರೆ ಅವರಿಗೆ ಏನು ಅರ್ಥ ಆಗುತ್ತೆ? ದೇವರ ಬಗ್ಗೆ ಪ್ರೀತಿಯಿಂದ ವಿಚಾರಿಸಿದ್ದಾರೆ ಅನ್ನಬಹುದು. ಕೇಳಿದವರಿಗೆ ಗೊತ್ತು, ಕೇಳಿಸಿಕೊಂಡವರಿಗೆ ಗೊತ್ತು, ಮಧ್ಯೆ ಕೂತು ನ್ಯಾಯ ಹೇಳೋರಿಗೆ ಗೊತ್ತಿಲ್ಲ. ಅದಕ್ಕೇ 'ಜಾತಿ' ಅನ್ನೋ ಪದವೇ ಬರವಣಿಗೆಯಲ್ಲಿ ಇರಬೇಕು. ಆಪಲ್ ಕಂಪನಿ ತನ್ನ ನಿಯಮದಲ್ಲಿ ಸೇರಿಸಿದೆ, ಉಳಿದವರಿಗೇನು ಕಷ್ಟ? ಬೆಂಗಳೂರಲ್ಲೂ ಅಲ್ಲೂ ಆಫೀಸು ಇರುವ ಕಂಪನಿಗಳು ಎರಡೂ ಕಡೆ ಬರೆಯಲಿ.

ಮುಂದಿನ ವಾರ ಅವಳು ವಾಪಸ್ ಹೋಗ್ತಾಳೆ. ಇಲ್ಲಿ ಮಧ್ಯಾಹ್ನ ಹತ್ತಿದರೆ ಅಲ್ಲಿ ಅದೇ ದಿನ ಸಂಜೆ. ಹದಿನಾರು ಗಂಟೆ ಹಾರಿದರೂ ಗಡಿಯಾರದಲ್ಲಿ ಎರಡೂವರೆ ಗಂಟೆ ಅಷ್ಟೇ.

"ಮತ್ತೆ ಕೇಳಿದ್ರೆ ಏನಂತ ಹೇಳ್ಲಿ ಚಿಕ್ಕಪ್ಪಾ?" ಅಂತಾಳೆ. ಧೈರ್ಯವಾಗಿ ಹೇಳು ಅನ್ನೋದು ನನಗೆ ಸುಲಭ, ನೌಕರಿ ಅವಳದು. ಐಟಿಯಲ್ಲಿರುವ ನಮ್ಮ ಹುಡುಗರು, ಹುಡುಗಿಯರು, ನೀವೇನು ಹೇಳ್ತೀರಿ? ಕಮೆಂಟಲ್ಲಿ ಬೇಡ ಅನ್ಸಿದ್ರೆ ಇನ್‌ಬಾಕ್ಸಿಗೆ ಬರೆಯಿರಿ, ಅವಳಿಗೆ ಓದಿಸ್ತೀನಿ.