ಕಡಲಿಗೆ ಹೋದ ನೀರು ಹಾಳೆ?

ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನ ಗೇಟುಗಳು ತೆರೆದು ಹಂಪಿಯ ಪುರಂದರ ಮಂಟಪ ಮುಳುಗಿತೆಂದರೆ ಸಾಕು, ಹೊಸಪೇಟೆಯ ಹೋಟೆಲಿನಿಂದ ವಿಧಾನಸೌಧದವರೆಗೆ ಒಂದೇ ಪ್ರಲಾಪ: “ಅಯ್ಯೋ, ನೀರೆಲ್ಲ ಸಮುದ್ರದ ಪಾಲಾಯಿತು!” 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ರೈತ ಕಂಗಾಲಾದದ್ದು ನ್ಯಾಯವೇ, ಅವನ ಬೆಳೆ ಆ ನೀರನ್ನು ನಂಬಿತ್ತು. ಆದರೆ ಗದ್ದೆಯ ಬದುವನ್ನೇ ತುಳಿಯದ ನಾವು, ಪಟ್ಟಣದ ವಿದ್ಯಾವಂತರು, ಸಮುದ್ರದ ಪಾಲೆಂದರೆ ಕಳ್ಳರ ಪಾಲೆಂಬಂತೆ ಆಡುವುದು ಯಾವ ವಿವೇಕ?

ಸಮುದ್ರವೆಂಬುದು ಬರಿಯ ಉಪ್ಪುನೀರಿನ ಹೊಂಡವಲ್ಲ. ಕಣ್ಣಿಗೆ ಕಾಣದ ತೇಲುಸಸ್ಯಗಳ ಹೊಲ. ಲೋಕದಲ್ಲಿ ಹುಟ್ಟುವ ಆಮ್ಲಜನಕದ ಹೆಚ್ಚುಕಡಿಮೆ ಅರ್ಧ ಅಲ್ಲಿಯದು. ಸಣ್ಣ ಮೀನಿನಿಂದ ತಿಮಿಂಗಿಲದವರೆಗೆ ಎಲ್ಲದರ ಅನ್ನವೂ ಅಲ್ಲಿಂದಲೇ. ದಡದಂಚಿನ ಆ ಹೊಲಕ್ಕೆ ಗೊಬ್ಬರ ಹೊರುವವು ನದಿಗಳು. ಕೃಷ್ಣೆಯನ್ನು ಕೂಡಿ ಬಂಗಾಳಕೊಲ್ಲಿಯನ್ನು ಸೇರುವ ನಮ್ಮ ತುಂಗಭದ್ರೆಗೂ ಅದೇ ಕಾಯಕ.

ಗೊಬ್ಬರ ನಿಂತರೆ ಏನಾದೀತೆಂಬುದನ್ನು ಈಜಿಪ್ಟು ಕಂಡಿದೆ. 1964ರಿಂದ ಅಸ್ವಾನಿನ ಹೊಸ ಕಟ್ಟೆ ನೈಲ್ ನದಿಯ ನೆರೆಯನ್ನು ತಡೆಯಿತು. 1962ರಲ್ಲಿ ಸುಮಾರು 18,000 ಟನ್ನು ಬೂತಾಯಿ ಜಾತಿಯ ಮೀನು ಸಿಕ್ಕಿದ್ದ ಅಲ್ಲಿನ ಕಡಲಿನಲ್ಲಿ 1968ರಲ್ಲಿ 1,000 ಟನ್ನೂ ಸಿಗಲಿಲ್ಲ. ಮುಂದೆ ಮೀನು ಮರಳಿತಲ್ಲ ಎನ್ನುವವರು, ಅದು ಮರಳಿದ್ದು ಹೊಲಗಳ ರಸಗೊಬ್ಬರವೂ ಊರುಗಳ ಕೊಳಚೆಯೂ ಕಡಲಿಗೆ ಹರಿದ ಮೇಲೆ ಎಂಬುದನ್ನೂ ಹೇಳಬೇಕು.

ನಮ್ಮಲ್ಲಿ? 1953ರಲ್ಲಿ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗ ಹೂಳಿನದು. ಎಲ್ಲ ಮಣ್ಣೂ ಅನ್ನವಲ್ಲ, ನಿಜ. ಸಂಡೂರಿನ ಗಣಿಮಣ್ಣು ಹಳ್ಳಕ್ಕಿಳಿದರೆ ಅದು ಹೊರೆಯೇ ಹೊರತು ಊಟವಲ್ಲ. ಆದರೆ ಕಡಲ ಮೀನಿಗೆ ಅನ್ನವಾಗಬೇಕಿದ್ದ ಹೊಳೆಯ ಮೆಕ್ಕಲು ಇಲ್ಲಿ ರೈತನ ಬಾಯಿಗೆ ಮಣ್ಣಾಗಿ ಕುಳಿತಿದೆ. ಹಾಗಾದರೆ ಹಾಳಾದದ್ದು ಯಾವುದು, ಹರಿದ ನೀರೋ ನಿಂತ ಮಣ್ಣೋ?

ಕಡಲು ದೂರವೆನ್ನುವವರು ಹತ್ತಿರದ್ದನ್ನೇ ನೋಡಲಿ. ಅಣೆಕಟ್ಟಿನಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿತು. ಒಳ್ಳೆಯದೇ. ಆದರೆ ನೀರುನಾಯಿಗೆ ಬೇಕಾದದ್ದು ಬೋರ್ಡಲ್ಲ, ಮೀನು. ಮೀನಿಗೆ ಬೇಕಾದದ್ದು ನಾವು ‘ಹಾಳು’ ಎನ್ನುವ ಇದೇ ಹರಿವ ನೀರು.

ಅಣೆಕಟ್ಟು ಒಡೆಯಿರೆಂದು ಯಾರೂ ಹೇಳುತ್ತಿಲ್ಲ. ಎಡದಂಡೆಗಿಷ್ಟು, ಬಲದಂಡೆಗಿಷ್ಟು, ಕಾರ್ಖಾನೆಗಿಷ್ಟು ಎಂದು ಹಂಚುವಾಗ ಹೊಳೆಗೂ ಕಡಲಿಗೂ ಇಷ್ಟೆಂದು ಕೊಡಿ. ಕಾಗದದ ಮೇಲಲ್ಲ, ಬೇಸಗೆಯಲ್ಲೂ ಕಣ್ಣಿಗೆ ಕಾಣುವಂತೆ. ಮಳೆಯ ಮೋಡ ಕಡಲಿನ ಸಾಲ. ಬಡ್ಡಿ ಕಟ್ಟುವಾಗ ದುಡ್ಡು ಹಾಳಾಯಿತೆಂದು ಅಳುವವನನ್ನು ಊರು ಏನೆನ್ನುತ್ತದೆಂಬುದು ವಾಚಕರಿಗೆ ತಿಳಿಯದ್ದಲ್ಲ.