ನಮ್ಮ ಕನ್ನಡ ಟೀಚರಿಗೆ ಟ್ರೇನಿಂಗ್ ಬೇಡವೇ?



ನಾನು ಖಲೀಫಾ ಸಿಟಿಯಲ್ಲಿರುವ ಹನ್ನೊಂದನೇ ತರಗತಿಯ ಹುಡುಗಿ. ಹೆಸರು ಹೇಳಿದರೆ ಗೊತ್ತಾಗದಿದ್ದರೂ ಮುಖ ನೋಡಿದರೆ ಗೊತ್ತಾಗುತ್ತದೆ. ಶನಿವಾರ ಬೆಳಿಗ್ಗೆ ಬಾಗಿಲ ಹತ್ತಿರ ಹಾಜರಿ ಪುಸ್ತಕ ಹಿಡಿದು ನಿಂತಿರುತ್ತೇನಲ್ಲ, ಅವಳೇ. ಕ್ಲಾಸು ಶುಕ್ರವಾರ ನಡೆಯುತ್ತಿದ್ದ ಕಾಲದಲ್ಲಿ ಈ ಶಾಲೆಗೆ ಸೇರಿದವಳು ನಾನು. 2022ರ ಜನವರಿಯಲ್ಲಿ ಇಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದಾಗ ನಮ್ಮ ಕ್ಲಾಸೂ ಶನಿವಾರಕ್ಕೆ ಬಂತು. ಕಲಿಯುವುದೆಲ್ಲ ಮುಗಿದ ಮೇಲೆ ಈಗ ಟೀಚರಿಗೆ ಸಹಾಯ ಮಾಡುತ್ತೇನೆ.

ಹೋದ ಟರ್ಮ್‌ನಲ್ಲಿ ಒಂದು ಶನಿವಾರ ಚಿಕ್ಕ ಮಕ್ಕಳ ಟೀಚರಿಗೆ ಜ್ವರ ಬಂತು. "ಒಂದು ಗಂಟೆ ನೀನೇ ನೋಡಿಕೋ ಪುಟ್ಟಿ, ಕಾಗುಣಿತ ಬರೆಸು ಸಾಕು" ಎಂದು ಮೆಸೇಜ್ ಹಾಕಿದರು. ನನಗೆ ಖುಷಿಯೋ ಖುಷಿ. ಬೋರ್ಡಿನ ಮೇಲೆ ಕ ಕಾ ಕಿ ಕೀ ಬರೆದೆ, ಹತ್ತು ಸಲ ಬರೆಯಿರಿ ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ ಮುತ್ತಿನಂಥ ಅಕ್ಷರದಲ್ಲಿ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ. ಓದು ಎಂದರೆ 'ಕಮಲ' ಎಂದು ಸ್ಪಷ್ಟವಾಗಿ ಓದಿದ. "ಕಮಲ ಅಂದ್ರೆ ಏನು?" ಎಂದು ಕೇಳಿದೆ. ಅವನಿಗೆ ಗೊತ್ತಿಲ್ಲ. 'ಕಾಗೆ'? ಗೊತ್ತಿಲ್ಲ. ಅವರ ಮನೆಯಲ್ಲಿ ತುಳು, ಅಪ್ಪ ಅಮ್ಮನ ಜೊತೆ ಅರ್ಧ ಇಂಗ್ಲಿಷ್, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರೇಬಿಕ್. ಅವನಿಗೆ ಕನ್ನಡ ಎಂದರೆ ಶನಿವಾರ ಬರೆಯುವ ಒಂದು ಚಿತ್ರ. ನಾನು ಏನು ಮಾಡಿದೆ ಗೊತ್ತೇ? "ಇಷ್ಟೂ ಗೊತ್ತಿಲ್ವಾ? ಇನ್ನೂ ಹತ್ತು ಸಲ ಬರಿ" ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫುಟ್‌ಬಾಲ್ ಕೋಚಿಂಗ್ ಅದೇ ಸಮಯಕ್ಕಿದೆ ಎಂದು ಅವರಮ್ಮ ಹೇಳಿದರಂತೆ. ಇರಬಹುದು. ಆದರೆ ನಿಜವಾದ ಕಾರಣ ನನಗೆ ಗೊತ್ತು.

ಅದೇ ವಾರದ ಮಧ್ಯೆ ನನಗೆ ಒಂದು ದಿನ ರಜೆ ಇತ್ತು. ಯಾಕೆಂದರೆ ನಮ್ಮ ಶಾಲೆಯ ಟೀಚರ್‌ಗಳಿಗೆ ಟ್ರೇನಿಂಗ್. ನಮ್ಮ ಇಂಗ್ಲಿಷ್ ಮಿಸ್ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದಾರೆ, ಆದರೂ ವರ್ಷ ವರ್ಷ ಅವರಿಗೆ ತರಬೇತಿ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆ ಇರಬೇಕು ಎಂದಿದೆ. ಇನ್ನು ಇಂಗ್ಲಿಷ್ ಟೀಚರ್‌ಗಳಿಗಾಗಿಯೇ ಇಂಟರ್ನೆಟ್‌ನಲ್ಲಿ ಇರುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಬ್ರಿಟಿಷ್ ಕೌನ್ಸಿಲ್‌ನವರು ಪಾಠದ ಯೋಜನೆ, ಆಟ, ಕೋರ್ಸ್ ಎಲ್ಲವನ್ನೂ ಇಟ್ಟಿದ್ದಾರೆ, ಬಹಳಷ್ಟು ಪುಕ್ಕಟೆ. ಬಿಬಿಸಿಯದು ಬೇರೆ. ಕೇಂಬ್ರಿಜ್‌ನ ಸೆಲ್ಟಾ ಎಂಬ ಸರ್ಟಿಫಿಕೇಟ್ ಬೇಕಾದರೆ ಕನಿಷ್ಠ 120 ಗಂಟೆ ಕಲಿಯಬೇಕು. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿ ತೋರಿಸಬೇಕು, ತರಬೇತುದಾರರು ಹಿಂದೆ ಕೂತು ನೋಡುತ್ತಾರೆ.

ಕನ್ನಡ ಕಲಿಸುವ ನನಗೆ ಸಿಕ್ಕ ತರಬೇತಿ ಒಂದು ವಾಟ್ಸಾಪ್ ಮೆಸೇಜ್.

ತಿಪಟೂರಿನ ಹತ್ತಿರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಚಿಕ್ಕಮ್ಮ ಇಂಗ್ಲಿಷ್ ಟೀಚರ್. ಆ ರಾತ್ರಿ ಅವರಿಗೆ ಫೋನ್ ಮಾಡಿ ಅತ್ತೆ. ಅವರು ನಕ್ಕುಬಿಟ್ಟರು. "ನಾನೂ ಹಿಂಗೇ ಮಾಡಿದ್ದೆ ಕಣೇ" ಎಂದರು. 2007ರಲ್ಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರು ಮಾಡಿದರು. ಚಿಕ್ಕಮ್ಮ ಸ್ವತಃ ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಇಂಗ್ಲಿಷ್ ಮಾತಾಡಲು ನಾಲಿಗೆ ತಡವರಿಸುವಾಗ ಆರು ವರ್ಷದ ಮಕ್ಕಳಿಗೆ ಕಲಿಸಬೇಕಿತ್ತು. ಅವರೂ ಸ್ಪೆಲ್ಲಿಂಗ್ ಬರೆಸಿದರು, ಹತ್ತು ಸಲ, ಇಪ್ಪತ್ತು ಸಲ. ಮಕ್ಕಳು ಎಲಿಫೆಂಟ್ ಎಂದು ಬರೆಯುತ್ತಿದ್ದರು, ಆದರೆ ಆನೆ ಬಂದು ಎದುರು ನಿಂತರೂ ಎಲಿಫೆಂಟ್ ಎನ್ನುತ್ತಿರಲಿಲ್ಲವಂತೆ!

ಮುಂದೆ ಅವರನ್ನು ಬೆಂಗಳೂರಿಗೆ ಮೂವತ್ತು ದಿನದ ತರಬೇತಿಗೆ ಕಳಿಸಿದರು. 1963ರಲ್ಲಿ ಶುರುವಾದ, ಈಗ ಜ್ಞಾನಭಾರತಿ ಆವರಣದಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅದು. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳಿಗೆಂದೇ ಮಾಡಿದ ಸಂಸ್ಥೆ. ಮನೆ, ಮಗು ಎಲ್ಲ ಬಿಟ್ಟು ಒಂದು ತಿಂಗಳು ಹಾಸ್ಟೆಲಿನಲ್ಲಿದ್ದರಂತೆ. ಅಲ್ಲಿಂದ ಬಂದ ಮೇಲೆ ಅವರು ಸ್ಪೆಲ್ಲಿಂಗ್ ಬರೆಸುವುದು ಕಡಿಮೆ ಮಾಡಿ, ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಕುಣಿಸಿ ಕಲಿಸಲು ಶುರು ಮಾಡಿದರು. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕೊನೆಗೆ ಕೈ ಎಂಬುದು ಅವರ ಮಾತು. ನಾನು ಆ ಹುಡುಗನಿಗೆ ಕೊನೆಯದನ್ನು ಮೊದಲು ಮಾಡಿಸಿದ್ದೆ.

ಒಂದು ಆಟವನ್ನೂ ಹೇಳಿಕೊಟ್ಟರು. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಮಾಡಿದ ವಿಧಾನವಂತೆ. ಟೀಚರ್ ಹೇಳಿದ್ದನ್ನು ಮಕ್ಕಳು ಮೈಯಿಂದ ಮಾಡಿ ತೋರಿಸುವುದು, ಮಾತಾಡಲೇಬೇಕು ಎಂದು ಒತ್ತಾಯವಿಲ್ಲ. ಮುಂದಿನ ಶನಿವಾರ ಟೀಚರನ್ನು ಕೇಳಿ ಹತ್ತು ನಿಮಿಷ ತೆಗೆದುಕೊಂಡೆ. "ನಿಲ್ಲು. ಕೂತ್ಕೋ. ಬಾ. ಬಾಗಿಲು ಮುಟ್ಟು. ಪುಸ್ತಕ ತಲೆ ಮೇಲೆ ಇಡು." ಕ್ಲಾಸೆಲ್ಲ ನಗು. ಹತ್ತೇ ನಿಮಿಷದಲ್ಲಿ 'ಮೇಲೆ', 'ಕೆಳಗೆ', 'ಹಿಂದೆ' ಎಲ್ಲ ಬಂತು.

ನಾನು ಗೆದ್ದೆ ಎಂದುಕೊಂಡೆ. ಮರುದಿನ ಒಬ್ಬಳ ಅಮ್ಮನ ಫೋನ್. ಆ ಪುಟಾಣಿ ವಿಡಿಯೋ ಕಾಲ್‌ನಲ್ಲಿ ಊರಿನ ಅಜ್ಜನಿಗೆ "ಬಾ, ಕೂತ್ಕೋ" ಎಂದಳಂತೆ! ಅಜ್ಜ ನಕ್ಕರು, ಪುಣ್ಯ. ಇಂಗ್ಲಿಷ್‌ಗೆ 'ಕಮ್' ಒಂದೇ ಸಾಕು, ನಮಗೆ ಬಾ, ಬನ್ನಿ ಎರಡು ಬೇಕು, ಯಾರಿಗೆ ಯಾವುದು ಎಂದೂ ಗೊತ್ತಿರಬೇಕು. ಇಂಗ್ಲಿಷ್ ಟೀಚರ್‌ಗಳ ಯಾವ ವಿಡಿಯೋದಲ್ಲೂ ಅದು ಇರುವುದಿಲ್ಲ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಎಂದು ಒಂದೇ ಪದದ ಬಾಲ ಬದಲಾಗುವುದೂ ಇರುವುದಿಲ್ಲ. 'ಹೋಗ್ತೀನಿ' ಎಂದು ಮಾತಾಡಿ 'ಹೋಗುತ್ತೇನೆ' ಎಂದು ಬರೆಯಬೇಕು ಎಂಬುದನ್ನು ಯಾವ ಹಂತದಲ್ಲಿ ಹೇಳಬೇಕು? ನನಗೆ ಗೊತ್ತಿಲ್ಲ. ನಮ್ಮ ಟೀಚರನ್ನು ಕೇಳಿದೆ. "ನನಗೂ ಯಾರೂ ಹೇಳಿಕೊಟ್ಟಿಲ್ಲ, ಅಂದಾಜಿನ ಮೇಲೆ ಮಾಡ್ತೀನಿ" ಎಂದರು.

ದಯವಿಟ್ಟು ಇದನ್ನು ದೂರು ಎಂದುಕೊಳ್ಳಬೇಡಿ. ನಮ್ಮ ಟೀಚರ್‌ಗಳು ಸಂಬಳ ಪಡೆಯುವುದಿಲ್ಲ. ವಾರವೆಲ್ಲ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಮನೆಯಲ್ಲಿ ದುಡಿದು, ನಿದ್ದೆ ಮಾಡಬೇಕಾದ ಶನಿವಾರವನ್ನು ನಮಗೆ ಕೊಡುತ್ತಾರೆ. ಕನ್ನಡ ಅವರಿಗೆ ಚೆನ್ನಾಗಿ ಗೊತ್ತು, ನನಗಿಂತ ನೂರು ಪಾಲು ಚೆನ್ನಾಗಿ. ಆದರೆ ಕನ್ನಡ ಬರುವುದು ಬೇರೆ, ಕನ್ನಡ ಬಾರದ ಮಗುವಿಗೆ ಕಲಿಸುವುದು ಬೇರೆ. ಅವರು ಊರಿನಲ್ಲಿ ಕನ್ನಡ ಕಲಿತಾಗ ಮಾತು ಮೊದಲೇ ಬರುತ್ತಿತ್ತು, ಶಾಲೆಯಲ್ಲಿ 49 ಅಕ್ಷರ ಕಲಿತರೆ ಸಾಕಿತ್ತು. ಇಲ್ಲಿ ನಮ್ಮ ಕೈಯಲ್ಲಿರುವ ಪಠ್ಯಪುಸ್ತಕವೂ ಮಾತು ಬರುವ ಮಕ್ಕಳಿಗಾಗಿ ಬರೆದದ್ದು.

ಕನ್ನಡವನ್ನು ಹೊಸಬರಿಗೆ ಕಲಿಸುವ ವಿದ್ಯೆ ಎಲ್ಲೂ ಇಲ್ಲವೇ? ಇದೆ! ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಸಂಸ್ಥಾನವಿದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಬಂದು ಹತ್ತು ತಿಂಗಳಲ್ಲಿ ಕನ್ನಡ ಕಲಿತು ಹೋಗುತ್ತಾರೆ, ಸೊನ್ನೆಯಿಂದ ಶುರು ಮಾಡಿ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ ಕಲಿಯಲ್ಲಿ ಮಕ್ಕಳಿಗೆ ಬೇಕಾದ ಕಾರ್ಡು, ಆಟಗಳನ್ನು ಮಾಡುವುದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಕೈಜೋಡಿಸಿದ್ದರು. ಅಂದರೆ ಅನುಭವ ನಮ್ಮ ನಾಡಿನಲ್ಲೇ ಇದೆ. ಅದು ವಿಮಾನ ಹತ್ತಿ ಅಬುಧಾಬಿಗೆ ಬಂದಿಲ್ಲ, ಅಷ್ಟೇ.

"ಯೂಟ್ಯೂಬಿನಲ್ಲಿ ಬೇಕಾದಷ್ಟು ಇದೆಯಲ್ಲ" ಎಂದು ಅಪ್ಪ ಹೇಳಿದರು. ಇದೆ, ಆದರೆ ಅದು ಬಹುಪಾಲು ಮಕ್ಕಳಿಗೆ ತೋರಿಸುವ ಹಾಡು, ಕಥೆ. ಟೀಚರಿಗಾಗಿ ಮಾಡಿದ್ದು ಹುಡುಕಿ ನೋಡಿ. ಇನ್ನೊಂದು ಮಾತು, ಇದನ್ನು ಚಿಕ್ಕಮ್ಮನೇ ಹೇಳಿದ್ದು, ನಾನು ನಿರೀಕ್ಷಿಸಿರಲಿಲ್ಲ. ಈಗ ಅವರ ತರಬೇತಿ ಹೆಚ್ಚಿನದು ಫೋನಿನಲ್ಲೇ, 2017ರಲ್ಲಿ ಬಂದ ದೀಕ್ಷಾದಲ್ಲಿ. "ಒಂದು ಕಡೆ ವಿಡಿಯೋ ಓಡ್ತಾ ಇರತ್ತೆ, ಇನ್ನೊಂದು ಕಡೆ ಸಾರು ಕುದೀತಾ ಇರತ್ತೆ. ಕೊನೆಗೆ ಸರ್ಟಿಫಿಕೇಟ್ ಬರತ್ತೆ" ಎಂದರು. ಕೆಲವು ವಿಡಿಯೋ ತುಂಬ ಚೆನ್ನಾಗಿವೆಯಂತೆ, ಆದರೆ ಅವರನ್ನು ಬದಲಾಯಿಸಿದ್ದು ಆ ಮೂವತ್ತು ದಿನ, ಮತ್ತು ಪಕ್ಕದ ಶಾಲೆಯ ಟೀಚರ್ ಒಬ್ಬರು ಬಂದು ಇವರ ಪಾಠ ನೋಡಿ ಎಲ್ಲಿ ಮಕ್ಕಳು ಆಕಳಿಸಿದರು ಎಂದು ಹೇಳಿದ್ದು. ಹಾಗಾಗಿ ನಾನು "ಲಿಂಕ್ ಕಳಿಸಿ, ಎಲ್ಲ ಸರಿಹೋಗುತ್ತದೆ" ಎನ್ನುವುದಿಲ್ಲ. ನಮ್ಮ ಗ್ರೂಪಿನಲ್ಲಿ ಬರುವ ಲಿಂಕ್‌ಗಳ ಗತಿ ಏನಾಗುತ್ತದೆ ಎಂದು ನಿಮಗೂ ಗೊತ್ತು.

ನಾನು ಕೇಳುವುದು ಹೆಚ್ಚೇನಲ್ಲ. ಒಂದು ಟರ್ಮ್‌ಗೆ ಒಂದು ಶನಿವಾರ ಮಕ್ಕಳಿಗೆ ಪಾಠ ಬೇಡ. ಆ ದಿನ ಟೀಚರ್‌ಗಳು ತಾವೇ ಸೇರಲಿ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಹೊಸಬರಿಗೆ ಕನ್ನಡ ಕಲಿಸಿ ಅನುಭವವಿರುವ ಒಬ್ಬರನ್ನು ಜೂಮ್‌ನಲ್ಲಿ ಕರೆಸೋಣ. ಅಪ್ಪಂದಿರೇ, ಅಮ್ಮಂದಿರೇ, ಆ ಎರಡು ಗಂಟೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಕನ್ನಡದಲ್ಲಿ ಆಡಿಸುವುದು ನಿಮ್ಮ ಕೆಲಸ. (ಫೋನ್ ಕಾರಿನಲ್ಲೇ ಇರಲಿ.) "ಬರುವುದೇ ಪುಣ್ಯ, ಅವರಿಗೆ ಇನ್ನೊಂದು ಹೊರೆ ಯಾಕೆ?" ಎಂದು ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದ್ದೆ. ಆದರೆ ಅಂದಾಜಿನ ಮೇಲೆ ಕಲಿಸುವುದೇ ದೊಡ್ಡ ಹೊರೆ. ಆ ಹುಡುಗ ಅಳುವಾಗ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆನಲ್ಲ, ಅದು ಎಷ್ಟು ಭಾರ ಎಂದು ನನಗೆ ಗೊತ್ತಾಯಿತು.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ಪ್ರತಿ ಟೀಚರ್ ಪ್ರತಿ ವಾರ ಹೊಸದಾಗಿ ವರ್ಕ್‌ಶೀಟ್ ಮಾಡುತ್ತಾರೆ, ಟರ್ಮ್ ಮುಗಿದ ಮೇಲೆ ಅದು ಅವರ ಲ್ಯಾಪ್‌ಟಾಪಿನಲ್ಲೇ ಉಳಿದುಹೋಗುತ್ತದೆ. ಮುಂದಿನ ವರ್ಷ ಬರುವ ಹೊಸ ಟೀಚರ್ ಮತ್ತೆ ಅ ಆ ಇ ಈಯಿಂದ. ಕನ್ನಡ ಟೈಪ್ ಮಾಡಲು ನಮಗೆ ಬರುತ್ತದೆ, ಆಡಿಯೋ ರೆಕಾರ್ಡ್ ಮಾಡಲು ಬರುತ್ತದೆ. ಎಲ್ಲವನ್ನೂ ಒಂದು ಗೂಗಲ್ ಡ್ರೈವ್‌ಗೆ ಹಾಕುವ ಕೆಲಸ ನಾವು ಮಾಡೋಣ. ನಾನು ಈಗಾಗಲೇ ಫೋಲ್ಡರ್ ಮಾಡಿದ್ದೇನೆ. ಸದ್ಯಕ್ಕೆ ಅದರಲ್ಲಿ ಬಾ, ಬನ್ನಿ ಆಟ ಒಂದೇ ಇದೆ. ಎರಡು ಬಣ್ಣದ ಕಾರ್ಡು: ಹಳದಿ ಕಾರ್ಡಿನಲ್ಲಿ ತಂಗಿ, ಗೆಳೆಯ, ಬೆಕ್ಕು, ಕೆಂಪು ಕಾರ್ಡಿನಲ್ಲಿ ಅಜ್ಜ, ಟೀಚರ್, ಡಾಕ್ಟರ್. ಕಾರ್ಡು ನೋಡಿ ಕರೆಯಬೇಕು. ಅಮ್ಮ ಯಾವ ಬಣ್ಣ ಎಂದು ಮಕ್ಕಳಲ್ಲಿ ದೊಡ್ಡ ಜಗಳವೇ ಆಯಿತು. ನಮ್ಮ ಮನೆಯಲ್ಲಿ ಹಳದಿ, ಕೆಲವರ ಮನೆಯಲ್ಲಿ ಕೆಂಪು.

ಟೀಚರಿಗೆ ಇದನ್ನೆಲ್ಲ ಹೇಳಿದಾಗ, "ಮೊದಲು ಬಂದು ನನ್ನ ಪಾಠ ನೋಡು, ಮಕ್ಕಳು ಎಲ್ಲಿ ಆಕಳಿಸಿದರು ಬರೆದುಕೋ, ಆಮೇಲೆ ನಿನ್ನ ಪಾಠ ನಾನು ನೋಡ್ತೀನಿ" ಎಂದರು. ಬರುವ ಶನಿವಾರ ನಾನು ಹಾಜರಿ ಮುಗಿಸಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆ ಹುಡುಗನ ಅಮ್ಮ ಇದನ್ನು ಓದುತ್ತಿದ್ದರೆ, ಆಂಟಿ, ದಯವಿಟ್ಟು ಅವನನ್ನು ಒಂದೇ ಒಂದು ವಾರ ಕಳಿಸಿ. ಈ ಸಲ ಬರೆಸುವುದಿಲ್ಲ.