ಮೌನದ ನಂತರದ ಹಾಡು

ಕಲಬುರಗಿಯಲ್ಲಿ ಬೇಸಗೆಯ ಸಂಜೆಯೆಂದರೆ ಮನೆಮಂದಿಯೆಲ್ಲ ಮಾಳಿಗೆಯನ್ನೇರಿ ಗಾಳಿಗಾಗಿ ಕಾಯುವ ಹೊತ್ತು. ಜೇವರ್ಗಿ ಕಾಲೋನಿಯ ಒಂದು ಮನೆಯಲ್ಲಿಯೂ ಅಂತಹುದೇ ಒಂದು ಸಂಜೆ. ನಿವೃತ್ತ ಉಪಾಧ್ಯಾಯರೊಬ್ಬರು ಹೊರಸಿನ ಮೇಲೆ ಒರಗಿದ್ದರು. ಸೊಸೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗ ಮೂಲೆಯಲ್ಲಿ ಕುಳಿತು ತನ್ನ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಹಾಡು ಹಚ್ಚಿದ್ದ. ಗಿಟಾರುಗಳು ಒಂದರ ಮೇಲೊಂದು ಬಿದ್ದು ಕಾದಾಡುತ್ತಿರುವಂತೆ ಸದ್ದು. ಅದರ ನಡುವೆ ಒಬ್ಬನ ಕೂಗು.

“ಏನೋ ತಮ್ಮಾ, ಏನ್ ಗದ್ಲ ಹಚ್ಚೀದಿ?” ಎಂದರು ಮುದುಕರು.

“ಇವರು ಹದಿನೇಳು ವರ್ಷ ಸುಮ್ಮನ ಇದ್ದು ಆಮ್ಯಾಲೆ ಹಾಡ್ಯಾರ, ಮುತ್ಯಾ. ಭಾಳ ಆಸೆ ಇಟ್ಟಿದ್ದೆ. ಆದರ ಮೊದಲಿನಂಗ ಇಲ್ಲ.”

“ಮೊದಲಿನಂಗ ಯಾಕ ಇರಬೇಕು?”

ಮೊಮ್ಮಗನಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ಮಾತ್ರ ಅಲಕ್ಷಿಸತಕ್ಕದ್ದಲ್ಲ. ಬಹುಕಾಲ ಮೌನವಾಗಿದ್ದ ಕಲಾವಿದನು ಮರಳಿ ಬಂದಾಗ ಕೇಳುಗರು ಅವನಿಂದ ಏನನ್ನು ಬಯಸುತ್ತಾರೆ? ತಾವು ಕಳೆದುಕೊಂಡ ಹಳೆಯ ದನಿಯನ್ನೋ, ಅಥವಾ ಅವನು ಮೌನದಲ್ಲಿ ಪಡೆದುಕೊಂಡದ್ದನ್ನೋ?

ಹುಡುಗನು ಕೇಳುತ್ತಿದ್ದ ತಂಡದ ಹೆಸರು ‘ಅಟ್ ದ ಡ್ರೈವ್-ಇನ್’. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಎಲ್ ಪಾಸೋ ನಗರದ ತರುಣರು 1990ರ ದಶಕದಲ್ಲಿ ಕಟ್ಟಿದ ತಂಡವದು. ರಿಯೋ ಗ್ರಾಂಡೆ ನದಿಯ ಈ ದಡದಲ್ಲಿ ಎಲ್ ಪಾಸೋ. ಆ ದಡದಲ್ಲಿ ಮೆಕ್ಸಿಕೋ ದೇಶದ ಹುಆರೆಸ್ ನಗರ. ಆ ನಗರದಲ್ಲಿ ಕೊಲೆಯಾದ ಬಡ ಹೆಣ್ಣುಮಕ್ಕಳ ಕುರಿತೂ ಈ ತಂಡವು ಒಂದು ಹಾಡು ಮಾಡಿತ್ತು. ಇವರ ಸಂಗೀತದ ಬಗೆಗೆ ‘ಪೋಸ್ಟ್-ಹಾರ್ಡ್‌ಕೋರ್’ ಎಂದು ಹೆಸರು. ಹಾರ್ಡ್‌ಕೋರ್ ಎಂಬುದು ವೇಗವನ್ನೂ ರೋಷವನ್ನೂ ನೆಚ್ಚಿದ ಗಾಯನ. 1980ರ ದಶಕದ ನಡುವಿನಲ್ಲಿ ವಾಷಿಂಗ್ಟನ್ ಮೊದಲಾದ ನಗರಗಳ ಕೆಲವು ತರುಣರಿಗೆ ಬರಿಯ ರೋಷ ಸಾಲದೆನಿಸಿತು. ಅವರು ಅದೇ ರಭಸದೊಳಕ್ಕೆ ತಡೆ, ತಿರುವು, ಪಿಸುಮಾತು ಇವುಗಳನ್ನು ತಂದರು. ಕೂಗಿನ ನಂತರ ಬರುವ ವಿಚಾರವೆಂದು ಇದನ್ನು ತಿಳಿಯಬಹುದು.

ಈ ತಂಡವು 2000ದಲ್ಲಿ ‘ರಿಲೇಶನ್‌ಶಿಪ್ ಆಫ್ ಕಮಾಂಡ್’ ಎಂಬ ಆಲ್ಬಮನ್ನು ಹೊರತಂದಿತು. ಅದರಿಂದ ಕೀರ್ತಿ ಬಂದಿತು. ಕೀರ್ತಿಯ ಬೆನ್ನಿಗೇ ದಣಿವೂ ಬಂದಿತು. 2001ರಲ್ಲಿ ತಂಡ ಒಡೆದು ಸದಸ್ಯರು ಬೇರೆ ಬೇರೆ ತಂಡಗಳನ್ನು ಕಟ್ಟಿಕೊಂಡರು. 2012ರಲ್ಲಿ ಕೆಲವು ಕಛೇರಿಗಳಿಗಾಗಿ ಒಂದುಗೂಡಿದರಾದರೂ ಹೊಸ ಹಾಡು ಹುಟ್ಟಲಿಲ್ಲ. ಕೊನೆಗೆ 2017ರ ಮೇ ತಿಂಗಳಲ್ಲಿ ‘ಇಂಟರ್ ಅಲಿಯಾ’ ಎಂಬ ಹೊಸ ಆಲ್ಬಮ್ ಬಂದಿತು. ಹೆಸರು ಲ್ಯಾಟಿನ್ ಭಾಷೆಯದು. ‘ಇತರ ಸಂಗತಿಗಳ ನಡುವೆ’ ಎಂದು ಅರ್ಥ. ಸ್ಥಾಪಕರಲ್ಲೊಬ್ಬರಾದ ಜಿಮ್ ವಾರ್ಡ್ ಈ ಸಲ ಜೊತೆಗಿರಲಿಲ್ಲ. ಹಳೆಯ ಕಾವು ಮರಳಿತೆಂದು ಕೆಲವರು ಹಿಗ್ಗಿದರು. ಇದು ಹಳೆಯದರ ನೆರಳೆಂದು ಕೆಲವರು ಕೊರಗಿದರು. ಗಮನಿಸಬೇಕಾದ ಸಂಗತಿಯೆಂದರೆ, ಹೊಗಳಿದವರ ಕೈಯಲ್ಲಿಯೂ ತೆಗಳಿದವರ ಕೈಯಲ್ಲಿಯೂ ಇದ್ದ ಅಳತೆಗೋಲು ಒಂದೇ: ಹಳೆಯ ಹಾಡು. 2018ರಲ್ಲಿ ತಂಡವು ಮತ್ತೆ ವಿರಾಮ ತೆಗೆದುಕೊಂಡಿತು.

ಮುದುಕರಿಗೆ ಈ ಕಥೆ ಹೊಸದು. ಆದರೆ ಇದನ್ನು ಕೇಳುತ್ತಿದ್ದಂತೆ ಅವರಿಗೆ ರೇಡಿಯೋದಲ್ಲಿ ಬಹಳ ಹಿಂದೆ ಕೇಳಿದ ಒಂದು ದನಿ ನೆನಪಾಯಿತು. ಆ ದನಿಯ ಒಡೆಯನೂ ಆರು ವರ್ಷ ಹಾಡದೆ ಇದ್ದವನು. ಅವನು ಹಾಡಲಿಲ್ಲವೆಂಬುದಕ್ಕಿಂತ ಹಾಡಲು ಅವನಿಗೆ ಅಪ್ಪಣೆ ಇರಲಿಲ್ಲವೆಂಬುದೇ ಸರಿ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂದರೆ ಅನೇಕರಿಗೆ ಗುರುತು ಹತ್ತಲಿಕ್ಕಿಲ್ಲ. ಎಳವೆಯಲ್ಲಿಯೇ ಮಠದ ಸ್ವಾಮಿಗಳೊಬ್ಬರು ಆ ಹುಡುಗನಿಗೆ ಕೊಟ್ಟ ಬಿರುದು ಜಗತ್ತಿಗೆಲ್ಲ ಗೊತ್ತು—ಕುಮಾರ ಗಂಧರ್ವ. ಗ್ರಾಮಫೋನಿನಲ್ಲಿ ದೊಡ್ಡ ಉಸ್ತಾದರ ಹಾಡು ಕೇಳಿ ಅದನ್ನು ಹಾಗೆಯೇ ಹಾಡಿಬಿಡುವುದು ಆ ಬಾಲಕನ ಸೋಜಿಗದ ಶಕ್ತಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಆ ಮೂರು ನಿಮಿಷದಲ್ಲಿದ್ದ ತಾನು, ಮುರುಕಿ, ಉಸಿರಿನ ಏರಿಳಿತ, ಎಲ್ಲವೂ ಹುಡುಗನ ಗಂಟಲಿನಲ್ಲಿ ಇಳಿದುಬಿಡುತ್ತಿದ್ದವು. ಮುಂದೆ ಮುಂಬಯಿಯಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರ ಶಾಲೆಯಲ್ಲಿ ವಿದ್ಯಾಭ್ಯಾಸವಾಯಿತು. ಇಪ್ಪತ್ತು ದಾಟುವುದರೊಳಗೆ ಹೆಸರು ಹಬ್ಬಿತು. 1947ರಲ್ಲಿ ಭಾನುಮತಿಯವರೊಡನೆ ವಿವಾಹವೂ ಆಯಿತು.

ಅಷ್ಟರಲ್ಲಿಯೇ ಕ್ಷಯ. ಹಾಡುಗಾರನಿಗೆ ಶ್ವಾಸಕೋಶದ ರೋಗವೆಂದರೆ ನೇಕಾರನಿಗೆ ಕೈ ಹೋದಂತೆ. ಆ ದಿನಗಳಲ್ಲಿ ಈ ರೋಗಕ್ಕೆ ವೈದ್ಯರು ಹೇಳುತ್ತಿದ್ದುದು ಒಣ ಹವೆ, ಒಳ್ಳೆಯ ಆಹಾರ, ಪೂರ್ಣ ವಿಶ್ರಾಂತಿ. ಒಣ ಹವೆಗಾಗಿ ದಂಪತಿಗಳು 1948ರಲ್ಲಿ ಮಧ್ಯಭಾರತದ ಮಾಲವ ಸೀಮೆಯ ದೇವಾಸ್ ಎಂಬ ಊರಿಗೆ ಬಂದರು. ಹಾಡುವುದಕ್ಕೆ ವೈದ್ಯರ ಕಟ್ಟುನಿಟ್ಟಾದ ನಿಷೇಧ. ಜೋರಾಗಿ ಮಾತಾಡುವುದೂ ಅಪಾಯ. ಹಾಸಿಗೆ ಹಿಡಿದ ಪತಿಯ ಆರೈಕೆಯ ಹೊಣೆಯೆಲ್ಲ ಭಾನುಮತಿಯವರ ಮೇಲೆ ಬಿದ್ದಿತು.

ಇದೇ ಕಾಲದಲ್ಲಿ ದೂರದ ಅಮೆರಿಕದ ಒಂದು ಪ್ರಯೋಗಶಾಲೆಯ ಕೆಲಸವು ದೇವಾಸಿನ ಈ ಹಾಸಿಗೆಯವರೆಗೆ ಬಂದು ಮುಟ್ಟಿತು. 1943ರಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಅವರ ಶಿಷ್ಯ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದ್ದರು. ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಔಷಧವದು. 1950ರ ಸುಮಾರಿಗೆ ಅದು ಭಾರತದಲ್ಲಿಯೂ ದೊರೆಯತೊಡಗಿತು. ಕುಮಾರರು ಅದರಿಂದಲೇ ಬದುಕಿದರು. ಆದರೆ ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತೆಂದು ಹೇಳುತ್ತಾರೆ.

ಆ ಆರು ವರ್ಷ ಕುಮಾರರು ಏನು ಮಾಡಿದರು? ಕೇಳಿದರು. ಬಾಲ್ಯದಲ್ಲಿ ತಟ್ಟೆಗಳನ್ನು ಕೇಳಿದ ಕಿವಿ ಈಗ ಕಿಟಕಿಯಾಚೆಯ ಮಾಲವದ ಹೆಣ್ಣುಮಕ್ಕಳ ಹಾಡನ್ನು ಕೇಳಿತು. ಮದುವೆಯ ಹಾಡು, ಮಳೆಯ ಹಾಡು, ಜೋಗುಳ, ಎಲ್ಲವೂ ಅವರ ಕಿವಿಗೆ ಬಿದ್ದವು. ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳು ಕಬೀರರ ನಿರ್ಗುಣ ಪದಗಳನ್ನು ಹಾಡಿಕೊಂಡು ಹೋಗುತ್ತಿದ್ದರು. ಈ ಹಾಡುಗಳನ್ನು ಅವರು ಗುರುತು ಹಾಕಿಕೊಂಡರು; ಯಾವ ಸ್ವರದಿಂದ ಯಾವ ಸ್ವರಕ್ಕೆ ಜನರ ದನಿ ತಾನಾಗಿ ಹೊರಳುತ್ತದೆಂದು ನೋಡಿದರು. ರಾಗಗಳ ತವರುಮನೆ ಈ ಧುನ್‌ಗಳೇ ಎಂಬ ಅರಿವು ಅವರಿಗೆ ದೊರೆತದ್ದು ಹಾಸಿಗೆಯ ಮೇಲೆ.

ಕಲಬುರಗಿ ಸೀಮೆಯವರಿಗೆ ಇದು ದೂರದ ಮಾತಲ್ಲ. ಜೇವರ್ಗಿ ಕಾಲೋನಿಗೆ ತನ್ನ ಹೆಸರನ್ನಿತ್ತ ಆ ಜೇವರ್ಗಿಯ ಕಡೆಗೆ ನಡೆದರೆ, ಹಿಂದೆ ಅದೇ ತಾಲೂಕಿಗೆ ಸೇರಿದ್ದ ಕಡಕೋಳ ಸಿಗುತ್ತದೆ. ಅದು ಮಡಿವಾಳಪ್ಪನವರ ಊರು. ಅವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಈ ಕಡೆ ಇಂದಿಗೂ ಇದ್ದಾರೆ. ಆ ಹಾಡುಗಾರರಿಗೆ ಸಂಗೀತಶಾಲೆಯ ಪಾಠವಿಲ್ಲ. ಆದರೂ ನಿಂತ ಉಸಿರಿನ ನಂತರ ಅವರು ಎತ್ತುವ ದನಿಯಲ್ಲಿರುವ ಬಲ ಯಾವ ಶಾಲೆಯದೂ ಅಲ್ಲ. ದೇವಾಸಿನಲ್ಲಿ ಕುಮಾರರ ಕಿಟಕಿಯ ಹತ್ತಿರ ಹಾದುಹೋದ ಜೋಗಿಗಳ ದನಿಯೂ ಇಂತಹುದೇ ಆಗಿದ್ದಿತು.

1953ರಲ್ಲಿ ಕುಮಾರ ಗಂಧರ್ವರು ಮತ್ತೆ ಸಭೆಯಲ್ಲಿ ಕುಳಿತರು. ಹಳೆಯ ಅಭಿಮಾನಿಗಳು ಕಾದದ್ದು ಗ್ರಾಮಫೋನನ್ನು ನಾಚಿಸುತ್ತಿದ್ದ ಆ ಬಾಲಕನಿಗಾಗಿ. ಬಂದವರು ಬೇರೆಯವರೇ. ಉದ್ದವಾದ ಉಸಿರು ಈಗ ಅವರ ವಶದಲ್ಲಿರಲಿಲ್ಲ. ಆದುದರಿಂದ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಥಟ್ಟನೆ ಏರುವ ದನಿ, ಕೂಡಲೇ ಒಂದು ನಿಲುಗಡೆ. ಮೊದಮೊದಲು ಅಶಕ್ತಿಯಿಂದ ಬಂದ ಆ ನಿಲುಗಡೆಯನ್ನೇ ಅವರು ಹಾಡಿನ ಅಂಗವನ್ನಾಗಿ ಮಾಡಿಕೊಂಡರು. ಸ್ವರ ನಿಂತಲ್ಲಿ ತಂಬೂರಿಯ ನಾದ ಕೇಳಿಸುತ್ತಿತ್ತು. ಮುಂದಿನ ಸ್ವರಕ್ಕಾಗಿ ಸಭೆಯೆಲ್ಲ ಉಸಿರು ಹಿಡಿಯುತ್ತಿತ್ತು. ವಿಳಂಬದ ದೀರ್ಘ ವಿಸ್ತಾರಕ್ಕಿಂತ ಬಂದಿಶಿನ ಭಾವಕ್ಕೆ ಅವರು ಹೆಚ್ಚಿನ ಮಾನ ಕೊಟ್ಟರು. ಜನಪದ ಧುನ್‌ಗಳಿಂದ ಮಾಲವತಿ, ಸಂಜಾರಿ, ಮಧಸುರಜಾ ಮೊದಲಾದ ರಾಗಗಳನ್ನು ಕಟ್ಟಿದರು. 1965ರಲ್ಲಿ ‘ಅನೂಪರಾಗವಿಲಾಸ’ ಎಂಬ ಗ್ರಂಥದಲ್ಲಿ ತಮ್ಮ ರಚನೆಗಳನ್ನು ಪ್ರಕಟಿಸಿದರು. ಅವರ ನಿರ್ಗುಣ ಭಜನೆಗಳಂತೂ ದೀರ್ಘಕಾಲದ ರಿಕಾರ್ಡುಗಳ ಮೂಲಕ ಶಾಸ್ತ್ರೀಯ ಸಂಗೀತದ ಗಂಧವಿಲ್ಲದ ಮನೆಗಳನ್ನೂ ಹೊಕ್ಕವು.

ಎಲ್ಲರೂ ಮೆಚ್ಚಿದರೆಂದಲ್ಲ. ಇದು ಯಾವ ಘರಾಣೆ ಎಂದು ಹಿರಿಯರು ಕೇಳಿದರು. ಖ್ಯಾಲಿನ ಗಾಂಭೀರ್ಯವನ್ನು ತುಂಡು ತುಂಡು ಮಾಡಿದರೆಂದು ದೂರಿದರು. ಹಳೆಯ ದನಿಗೆ ಹಿಂದಿರುಗಲು ಯತ್ನಿಸಿದ್ದರೆ ಈ ದೂರು ಬರುತ್ತಿರಲಿಲ್ಲವೋ ಏನೋ. ಆದರೆ ಆಗ ಕೇಳುಗರಿಗೆ ದೊರೆಯುತ್ತಿದ್ದುದು ಒಬ್ಬ ರೋಗಿಯು ತನ್ನ ಆರೋಗ್ಯದ ದಿನಗಳನ್ನು ಅನುಕರಿಸುವ ದೃಶ್ಯ ಮಾತ್ರ. 1992ರ ಜನವರಿ 12ರಂದು ತೀರಿಕೊಳ್ಳುವವರೆಗೂ ಅವರು ಹಾಡಿದ್ದು ತಮ್ಮ ಹೊಸ ಉಸಿರಿನ ಅಳತೆಗೆ ಹೊಂದಿದ ಹಾಡನ್ನು.

ಧಾರವಾಡದ ನೆಲದಲ್ಲಿಯೂ ಇಂತಹ ಇನ್ನೊಂದು ದೃಷ್ಟಾಂತ ಉಂಟು. 1930ರ ದಶಕದ ರಿಕಾರ್ಡುಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದ ಹುಬ್ಬಳ್ಳಿಯ ತರುಣಿಯದು ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಅನಂತರ ಆ ಕಂಠ ದಪ್ಪವಾಗಿ, ಕೆಳಗಿಳಿದು, ಗಂಡಸಿನ ದನಿಯಂತಾಯಿತು. ಆಕೆ ಹೋದ ದನಿಗಾಗಿ ಅಳುತ್ತ ಕೂಡಲಿಲ್ಲ. ಬಂದ ದನಿಯನ್ನೇ ಸಾಧನೆಗೆ ಹಚ್ಚಿದರು. ಲೋಕವು ಗಂಗೂಬಾಯಿ ಹಾನಗಲ್ಲರೆಂದು ಕೈಮುಗಿದುದು ಈ ಎರಡನೆಯ ದನಿಗೆ.

ಇವುಗಳಿಂದ ತಿಳಿಯುವುದಿಷ್ಟು. ಮೌನವೆಂಬುದು ಬರಿಯ ಖಾಲಿ ಜಾಗವಲ್ಲ. ಅದರೊಳಗೆ ಮನುಷ್ಯನು ಬೆಳೆಯುತ್ತಾನೆ, ಬಳಲುತ್ತಾನೆ, ಬೇರೆ ದನಿಗಳನ್ನು ಕೇಳುತ್ತಾನೆ. ಮರಳಿ ಬಂದವನು ಆ ಕಾಲವೇ ಇರಲಿಲ್ಲವೆಂಬಂತೆ ಹಾಡಿದರೆ ಹಾಡು ಸೊರಗುತ್ತದೆ. ಆ ಕಾಲವನ್ನೂ ತನ್ನೊಡನೆ ತಂದರೆ ಹಾಡಿಗೆ ಹೊಸ ಪ್ರಾಣ ಬರುತ್ತದೆ. ಕೇಳುಗನಿಗೂ ಒಂದು ಕರ್ತವ್ಯವಿದೆ. ಹದಿನೇಳು ವರ್ಷದಲ್ಲಿ ಹಾಡುವವನಂತೆ ತಾನೂ ಬದಲಾಗಿದ್ದೇನೆಂಬುದನ್ನು ಅವನು ಮರೆಯಬಾರದು. ಎಷ್ಟೋ ವೇಳೆ ಹಳೆಯ ಹಾಡನ್ನು ಬೇಡುವವನು ನಿಜವಾಗಿ ಬೇಡುವುದು ತನ್ನ ಹಳೆಯ ವಯಸ್ಸನ್ನು.

ಮುದುಕರು ಕುಮಾರರ ಕಥೆ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಜೋಳದ ಮೊರ ಸೊಸೆಯ ತೊಡೆಯ ಮೇಲೆಯೇ ನಿಂತುಹೋಗಿತ್ತು. ಮದುವೆಗೆ ಮುಂಚೆ ಆಕೆ ಸಂಗೀತದ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದಳು. ತವರಿನಿಂದ ಬಂದ ಹಾರ್ಮೋನಿಯಂ, ಮಗ ಹುಟ್ಟಿದ ವರ್ಷ ಅಟ್ಟವನ್ನೇರಿದ್ದು ಇನ್ನೂ ಇಳಿದಿರಲಿಲ್ಲ. ಯಾರೂ ಹಾಡಬೇಡವೆಂದಿರಲಿಲ್ಲ, ಹಾಡೆಂದೂ ಯಾರೂ ಅಂದಿರಲಿಲ್ಲ.

“ಅಷ್ಟು ವರ್ಷ ಬಿಟ್ಟಮ್ಯಾಲೂ ದನಿ ಬರತದೇನ್ರಿ, ಮಾವಾರ?” ಎಂದಳು.

ಮುದುಕರು ಕೂಡಲೇ ಉತ್ತರಿಸಲಿಲ್ಲ. ಈ ಪ್ರಶ್ನೆಯನ್ನು ತಾವೇ ಎಂದೋ ಕೇಳಬೇಕಾಗಿತ್ತೆಂದು ಅವರಿಗೆ ಹೊಳೆದಿರಬೇಕು.

“ಬರತದವ್ವಾ. ಆದರ ಮೊದಲಿನಂಗ ಬರಲಿ ಅಂತ ಕಾಯಬ್ಯಾಡ. ಹೆಂಗ ಬರತದೋ ಹಂಗ ಹಾಡು.”

ಮೊಮ್ಮಗ ತನ್ನ ಆಲ್ಬಮನ್ನು ಮೊದಲಿನಿಂದ ಮತ್ತೊಮ್ಮೆ ಹಚ್ಚಿದ. ಈ ಸಲ ಸದ್ದು ತಗ್ಗಿಸಿ, ಹೋಲಿಕೆಯನ್ನು ಬದಿಗಿಟ್ಟು. ಮರುದಿನ ಮುಂಜಾನೆ ಅಟ್ಟದಿಂದ ಹಾರ್ಮೋನಿಯಂ ಇಳಿಸಿದವನೂ ಅವನೇ. ತಿದಿ ಹರಿದು ಗಾಳಿ ಸೋರುತ್ತಿತ್ತು. ಎರಡು ಮನೆಗಳು ನುಡಿಯುತ್ತಿರಲಿಲ್ಲ. ರಿಪೇರಿಗೆ ಕೊಟ್ಟು ಬಂದರು.